ಆ ಪೆನ್ಸಿಲ್ ಗುರುತು ಅಳಿಸಬೇಡಿ: 1969ರ ಬೇಸ್‌ಬಾಲ್ ಪ್ರೋಗ್ರಾಂ, ಇಯರ್‌ಬುಕ್ ಕೂಡಿಡುವ ಬಗ್ಗೆ

ಪ್ರಶ್ನೆ: ನಾನು ಉಡುಪಿ ಕಡೆಯವನು. ಹನ್ನೊಂದು ವರ್ಷದಿಂದ ನ್ಯೂಜೆರ್ಸಿಯಲ್ಲಿದ್ದೇನೆ. ಪಕ್ಕದ ಮನೆಯಲ್ಲಿ ಒಬ್ಬ ಅಜ್ಜ ಇದ್ದರು. ನನಗೆ ಬೇಸ್‌ಬಾಲ್ ನೋಡೋದು ಕಲಿಸಿದ್ದೇ ಅವರು. ಹೋದ ಚಳಿಗಾಲದಲ್ಲಿ ತೀರಿಕೊಂಡರು. ಮನೆ ಖಾಲಿ ಮಾಡುವಾಗ ಅವರ ಮಗಳು ಒಂದು ರಟ್ಟಿನ ಪೆಟ್ಟಿಗೆ ನನ್ನ ಕೈಗೆ ಕೊಟ್ಟರು. ಅದರಲ್ಲಿ ನ್ಯೂಯಾರ್ಕ್ ಮೆಟ್ಸ್ ತಂಡದ 1969ರ 14 ಪ್ರೋಗ್ರಾಂಗಳಿವೆ, ಅಂದರೆ ಪಂದ್ಯದ ದಿನ ಸ್ಟೇಡಿಯಂನಲ್ಲಿ ಮಾರುವ ಪುಸ್ತಿಕೆಗಳು. ಅವುಗಳಲ್ಲಿ ಒಂದು ವರ್ಲ್ಡ್ ಸೀರೀಸ್‌ನದು, ಅಂದರೆ ಸೀಸನ್ ಕೊನೆಯ ಫೈನಲ್ ಸರಣಿಯದು. ಇಯರ್‌ಬುಕ್ ಎರಡಿವೆ, ಎರಡೂ ಅದೇ ವರ್ಷದ್ದು. ಸುಮಾರು ಪ್ರೋಗ್ರಾಂಗಳ ಒಳಗೆ ಪೆನ್ಸಿಲ್‌ನಲ್ಲಿ ಅಂಕಿ, ಗೆರೆ ಗೀಚಿದೆ. ಅಳಿಸಿದರೆ ಬೆಲೆ ಜಾಸ್ತಿಯಾಗುತ್ತಾ? ಒಂದೇ ವರ್ಷದ ಇಯರ್‌ಬುಕ್ ಎರಡು ಯಾಕೆ? ಆ ಸೀಸನ್ ಪೂರ್ತಿ ಮಾಡಬೇಕು ಅಂತ ಆಸೆ, ಎಲ್ಲಿಂದ ಶುರು ಮಾಡಲಿ? ಎರಡು ವರ್ಷದಲ್ಲಿ ಊರಿಗೆ ವಾಪಸ್ ಬರುತ್ತೇವೆ. ನಮ್ಮ ಮಳೆಗಾಲದಲ್ಲಿ ಇವು ಉಳಿಯುತ್ತವಾ? ಎರಡು ಫೋಟೊ ಕಳಿಸಿದ್ದೇನೆ.

ಉತ್ತರ: ಮೊದಲು ರಬ್ಬರನ್ನು ಪಕ್ಕಕ್ಕಿಡಿ. ಉಳಿದದ್ದೆಲ್ಲ ಆಮೇಲೆ ನಿಧಾನವಾಗಿ ಮಾತಾಡೋಣ.

ನೀವು ಕಳಿಸಿದ ಎರಡನೇ ಫೋಟೊ ನೋಡಿ ನಾನು ಕುರ್ಚಿಯಿಂದ ಎದ್ದು ನಿಂತೆ. ಅದು ಒಂದು ಪ್ರೋಗ್ರಾಂನ ನಡುವಿನ ಸ್ಕೋರ್‌ಕಾರ್ಡ್ ಹಾಳೆ, ಎದುರು ತಂಡ ಶಿಕಾಗೊ ಕಬ್ಸ್. ಎಂಟು ಇನ್ನಿಂಗ್ಸ್‌ನ ಚೌಕಗಳಲ್ಲಿ ಒಬ್ಬನೂ ಫಸ್ಟ್ ಬೇಸ್ ಮುಟ್ಟಿದ ಗುರುತಿಲ್ಲ. ಒಂಬತ್ತನೇ ಕಂಬದಲ್ಲಿ ಮೊದಲು 1-3 ಅಂತ ಇದೆ. ಅದರ ಕೆಳಗಿನ ಚೌಕದಲ್ಲಿ ಒಂದು ಅಡ್ಡಗೆರೆ. ಆ ಗೆರೆಯನ್ನು ಎಷ್ಟು ಒತ್ತಿ ಎಳೆದಿದ್ದಾರೆ ಅಂದರೆ ಫೋಟೊದಲ್ಲೂ ಕಾಗದ ತಗ್ಗಿದ್ದು ಕಾಣುತ್ತದೆ. ಇದು 1969ರ ಜುಲೈ 9ರ ರಾತ್ರಿ, ಮೆಟ್ಸ್‌ನ ಮೈದಾನ ಶೇ ಸ್ಟೇಡಿಯಂ. ಮೆಟ್ಸ್‌ನ ಪಿಚರ್ (ಚೆಂಡು ಎಸೆಯುವವರು) ಟಾಮ್ ಸೀವರ್ ಅವತ್ತು ಸಾಲಾಗಿ 25 ಜನರನ್ನು ಔಟ್ ಮಾಡಿದ್ದರು. ಇನ್ನು ಇಬ್ಬರು ಔಟಾಗಿದ್ದರೆ ಅದು ಪರ್ಫೆಕ್ಟ್ ಗೇಮ್, ಅಂದರೆ ಎದುರು ತಂಡದ ಒಬ್ಬನೂ ಬೇಸ್ ಮುಟ್ಟದ ಪಂದ್ಯ. ಒಂಬತ್ತನೇ ಇನ್ನಿಂಗ್ಸ್‌ನಲ್ಲಿ ಮೊದಲು ಬಂದ ರಾಂಡಿ ಹಂಡ್ಲಿ ಚೆಂಡನ್ನು ಮೆಲ್ಲಗೆ ತಟ್ಟಿ ಓಡಿದರು. ಸೀವರ್ ತಾವೇ ಹೆಕ್ಕಿ ಫಸ್ಟ್ ಬೇಸ್‌ಗೆ ಎಸೆದರು. ನಿಮ್ಮ ಅಜ್ಜ ಬರೆದ 1-3 ಅದೇ. ಆಮೇಲೆ ಬಂದವರು ಜಿಮ್ಮಿ ಕ್ವಾಲ್ಸ್, ಹೊಸ ಹುಡುಗ. ಅವರು ದೊಡ್ಡ ಲೀಗ್‌ನಲ್ಲಿ ಆಡಿದ್ದೇ ಒಟ್ಟು 63 ಪಂದ್ಯ. ಅವರು ಎಡ ಮತ್ತು ನಡು ಫೀಲ್ಡರ್‌ಗಳ ಮಧ್ಯೆ ಚೆಂಡು ಇಳಿಸಿಬಿಟ್ಟರು. 50,000ಕ್ಕೂ ಜಾಸ್ತಿ ಜನ ಉಸಿರು ಹಿಡಿದು ಕೂತಿದ್ದ ಹೊತ್ತು ಅದು. ಆ ಒತ್ತಿದ ಗೆರೆ ನಿಮ್ಮ ಪಕ್ಕದ ಮನೆಯ ಅಜ್ಜ ಆ ಕ್ಷಣದಲ್ಲಿ ಎಳೆದದ್ದು. ಉಳಿದ ಇಬ್ಬರೂ ಔಟಾದರು, ಮೆಟ್ಸ್ 4-0ಯಲ್ಲಿ ಗೆದ್ದಿತು.

ಈಗ ಅಳಿಸುವ ಮಾತಿಗೆ ಬರೋಣ. ಕಬ್ಸ್ ತಂಡ ಶೇ ಸ್ಟೇಡಿಯಂಗೆ ಆ ಸಲ ಮೂರು ದಿನ ಬಂದಿತ್ತು: ಜುಲೈ 8, 9, 10. ಪ್ರೋಗ್ರಾಂನ ಹೊರಗಿನ ಪುಟಗಳು ಹಲವು ವಾರ ಹಾಗೇ ಇರುತ್ತಿದ್ದವು. ನಡುವಿನ ಸ್ಕೋರ್‌ಕಾರ್ಡ್ ಹಾಳೆ ಮಾತ್ರ ಎದುರು ತಂಡ ಬದಲಾದಾಗ ಬದಲಾಗುತ್ತಿತ್ತು. ಹಾಗಾಗಿ ಏನೂ ಬರೆಯದ ಪ್ರತಿ ಸಿಕ್ಕರೆ ಅದು ಆ ಮೂರರಲ್ಲಿ ಯಾವ ದಿನದ್ದು ಅಂತ ಹೇಳೋದು ಕಷ್ಟ. ನಿಮ್ಮ ಪ್ರತಿಯನ್ನು ಜುಲೈ 9ಕ್ಕೆ ಕಟ್ಟಿಹಾಕಿರುವುದು ಆ ಪೆನ್ಸಿಲ್ ಒಂದೇ. ಅದನ್ನು ಅಳಿಸಿದರೆ ಉಳಿಯುವುದು ಜುಲೈ ತಿಂಗಳ ಯಾವುದೋ ಒಂದು ಪ್ರೋಗ್ರಾಂ.

ಸಂತೆಯ ಲೆಕ್ಕವನ್ನೂ ಮುಚ್ಚಿಡದೆ ಹೇಳುತ್ತೇನೆ. ಸಾಮಾನ್ಯ ಪಂದ್ಯದ್ದಾದರೆ ಏನೂ ಬರೆಯದ ಪ್ರತಿಗೆ ಕೊಳ್ಳುವವರು ಸ್ವಲ್ಪ ಜಾಸ್ತಿ ಕೊಡುತ್ತಾರೆ. ದೊಡ್ಡ ಪಂದ್ಯದ್ದಾದರೆ ಬರೆದ ಪ್ರತಿಗೇ ಬೆಲೆ. ಆದರೆ ಅಳಿಸಿದ ಪ್ರತಿಯನ್ನು ಎರಡೂ ಕಡೆಯವರು ದೂರ ಇಡುತ್ತಾರೆ. ಓರೆಯಾಗಿ ಬೆಳಕು ಬಿಟ್ಟರೆ ಪೆನ್ಸಿಲ್ ಒತ್ತಿದ ತಗ್ಗು ಕಾಣುತ್ತದೆ, ರಬ್ಬರ್ ಉಜ್ಜಿದ ಕಡೆ ಕಾಗದದ ಹೊಳಪು ಹೋಗಿರುತ್ತದೆ. ನಾನು ಕೂಡಿಡಲು ಶುರು ಮಾಡಿದ ಮೊದಲ ವರ್ಷ ಒಂದು ಪ್ರೋಗ್ರಾಂ ಕೊಂಡು, ಮೆತ್ತನೆಯ ರಬ್ಬರ್‌ನಿಂದ ಒಂದು ಸಂಜೆಯೆಲ್ಲ ಕೂತು ಅಳಿಸಿದ್ದೆ. ಯಾರೋ ಒಬ್ಬರು ಮೂರು ಗಂಟೆ ಕೂತು ಬರೆದದ್ದು ಅದು. ಯಾವ ಪಂದ್ಯದ್ದು ಅಂತ ಇವತ್ತಿಗೂ ಗೊತ್ತಾಗಿಲ್ಲ. ಆ ಬೇಜಾರು ಹೋಗಿಲ್ಲ, ಅದಕ್ಕೇ ನಿಮಗೆ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಆ ಅಂಕಿಗಳನ್ನು ಓದೋದು ಕಲಿಯಿರಿ, ಒಂದು ಸಂಜೆ ಸಾಕು. ಪ್ರತಿ ಫೀಲ್ಡರ್‌ಗೂ ಒಂದು ನಂಬರ್. ಪಿಚರ್ 1, ಕ್ಯಾಚರ್ 2, ಫಸ್ಟ್ ಬೇಸ್ 3, ಸೆಕೆಂಡ್ ಬೇಸ್ 4, ಥರ್ಡ್ ಬೇಸ್ 5, ಶಾರ್ಟ್‌ಸ್ಟಾಪ್ 6. ಹೊರಗಿನ ಮೂವರು ಎಡದಿಂದ ಬಲಕ್ಕೆ 7, 8, 9. ಇವು ಆಟಗಾರರ ಅಂಗಿಯ ಮೇಲಿನ ನಂಬರ್ ಅಲ್ಲ, ನಿಲ್ಲುವ ಜಾಗದ ನಂಬರ್. 6-3 ಅಂದರೆ ಶಾರ್ಟ್‌ಸ್ಟಾಪ್ ಹೆಕ್ಕಿ ಫಸ್ಟ್ ಬೇಸ್‌ಗೆ ಎಸೆದು ಔಟ್. ಬರೀ 8 ಅಂದರೆ ನಡುವಿನ ಫೀಲ್ಡರ್ ಹಿಡಿದ ಕ್ಯಾಚ್. ಇಂಗ್ಲಿಷಿನ ಕೆ ಅಕ್ಷರ ಇದ್ದರೆ ಸ್ಟ್ರೈಕ್ ಔಟ್, ಅಂದರೆ ಮೂರು ಸ್ಟ್ರೈಕ್ ಆಗಿ ಔಟ್. ಅದನ್ನೇ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಬರೆದಿದ್ದರೆ ಬ್ಯಾಟ್ ಬೀಸದೆ ನಿಂತಲ್ಲೇ ಮೂರನೇ ಸ್ಟ್ರೈಕ್ ತಿಂದ ಅಂತ ಅರ್ಥ. ನಿಮ್ಮ ಜುಲೈ 9ರ ಪುಟದಲ್ಲಿ ಎರಡೂ ಬಗೆಯ ಕೆ ಎಣಿಸಿ. ಸೀವರ್ ಅವತ್ತು ಮಾಡಿದ್ದು 11 ಸ್ಟ್ರೈಕ್ ಔಟ್. ಅಜ್ಜನ ಲೆಕ್ಕವೂ 11 ಇರಬೇಕು.

ಈ ಬರವಣಿಗೆಗೂ ನಮಗೆ ಗೊತ್ತಿರುವ ಕ್ರಿಕೆಟ್‌ಗೂ ಒಂದು ನಂಟಿದೆ. ಬೇಸ್‌ಬಾಲ್‌ನ ಬಾಕ್ಸ್ ಸ್ಕೋರ್ (ಪಂದ್ಯದ ಅಂಕಿಗಳ ಪಟ್ಟಿ) ರೂಪಿಸಿದ ಹೆನ್ರಿ ಚಾಡ್ವಿಕ್ ಇಂಗ್ಲೆಂಡಿನಲ್ಲಿ ಹುಟ್ಟಿ, ಹುಡುಗನಿದ್ದಾಗಲೇ ಬ್ರೂಕ್ಲಿನ್‌ಗೆ ಬಂದವರು. ಮೊದಲು ಪತ್ರಿಕೆಗೆ ಬರೆಯುತ್ತಿದ್ದದ್ದು ಕ್ರಿಕೆಟ್ ವರದಿ. ಸ್ಟ್ರಕ್ ಅನ್ನುವ ಪದದ ಕೊನೆಯ ಅಕ್ಷರ ಕಿವಿಗೆ ಚೆನ್ನಾಗಿ ನಿಲ್ಲುತ್ತದೆ ಅಂತ ಕೆ ಆರಿಸಿಕೊಂಡವರೂ ಅವರೇ. ಇನ್ನು ಸ್ಕೋರ್‌ಕಾರ್ಡ್ ಮಾರುವುದನ್ನೇ ದೊಡ್ಡ ವ್ಯಾಪಾರ ಮಾಡಿದವರು ಹ್ಯಾರಿ ಸ್ಟೀವನ್ಸ್, ಅವರೂ ಇಂಗ್ಲೆಂಡಿನಿಂದ ಬಂದವರೇ. 1887ರಲ್ಲಿ ಒಹಾಯೊ ರಾಜ್ಯದ ಕೊಲಂಬಸ್‌ನಲ್ಲಿ ಶುರು ಮಾಡಿದರು. ಆಗ ಅಂಗಿಯ ಮೇಲೆ ನಂಬರ್ ಇರಲಿಲ್ಲ. ನ್ಯೂಯಾರ್ಕ್ ಯಾಂಕೀಸ್ ಬೆನ್ನಿಗೆ ನಂಬರ್ ಹಾಕಿಕೊಂಡದ್ದು 1929ರಲ್ಲಿ. ಅಲ್ಲಿವರೆಗೆ ಮೈದಾನದಲ್ಲಿ ಯಾರು ಯಾರು ಅಂತ ತಿಳಿಯಬೇಕಾದರೆ ಕೈಯಲ್ಲಿ ಆ ಕಾಗದ ಇರಲೇಬೇಕಿತ್ತು. ಪ್ರೋಗ್ರಾಂ ಹುಟ್ಟಿದ್ದೇ ಬಳಸಲಿಕ್ಕೆ, ಬರೆಯಲಿಕ್ಕೆ.

ನಿಮ್ಮ ಮೊದಲ ಫೋಟೊ, ವರ್ಲ್ಡ್ ಸೀರೀಸ್ ಪ್ರೋಗ್ರಾಂ. ಇದರಲ್ಲೂ ಪೆನ್ಸಿಲ್ಲೇ ದಾರಿ ತೋರಿಸುತ್ತದೆ. 1969ರಲ್ಲಿ ಮೆಟ್ಸ್ ಎದುರಿಸಿದ್ದು ಬಾಲ್ಟಿಮೋರ್ ಓರಿಯೋಲ್ಸ್ ತಂಡವನ್ನು. ಆಗೆಲ್ಲ ಎರಡೂ ತಂಡಗಳು ತಮ್ಮ ತಮ್ಮ ಊರಿನ ಪಂದ್ಯಕ್ಕೆ ಬೇರೆ ಬೇರೆ ಪ್ರೋಗ್ರಾಂ ಅಚ್ಚು ಹಾಕಿಸುತ್ತಿದ್ದವು. ಎರಡೂ ಕಡೆಗೆ ಸೇರಿ ಒಂದೇ ಪ್ರೋಗ್ರಾಂ ಅನ್ನುವ ಪದ್ಧತಿ ಬಂದದ್ದು 1974ರಿಂದ. ಹಾಗಾಗಿ ಈ ಸೀಸನ್ ಪೂರ್ತಿಯಾಗಬೇಕಾದರೆ ನಿಮಗೆ ಬಾಲ್ಟಿಮೋರ್‌ನದೂ ಒಂದು ಬೇಕು. ಶೇ ಸ್ಟೇಡಿಯಂನಲ್ಲಿ ನಡೆದದ್ದು ಮೂರು, ನಾಲ್ಕು, ಐದನೇ ಪಂದ್ಯ. ಮೂರಕ್ಕೂ ಪುಸ್ತಕ ಒಂದೇ. ಯಾವ ಪಂದ್ಯದ್ದು ಅಂತ ಗೊತ್ತಾಗಲು ಮೆಟ್ಸ್ ಪಿಚರ್ ಹೆಸರು ನೋಡಿ. ಗ್ಯಾರಿ ಜೆಂಟ್ರಿ ಅಂತ ಬರೆದಿದ್ದರೆ ಮೂರನೆಯದು. ಅದರ ಕೊನೆಯಲ್ಲಿ ನೋಲನ್ ರಯಾನ್ ಹೆಸರೂ ಇರಬೇಕು. ಆಮೇಲೆ ಅಷ್ಟು ದೊಡ್ಡ ಹೆಸರಾದ ರಯಾನ್ ಜೀವನದಲ್ಲಿ ವರ್ಲ್ಡ್ ಸೀರೀಸ್ ಪಂದ್ಯ ಆಡಿದ್ದು ಅದೊಂದೇ. ಸೀವರ್ ಇದ್ದರೆ ನಾಲ್ಕನೆಯದು, ಅದು ಹತ್ತು ಇನ್ನಿಂಗ್ಸ್‌ಗೆ ಹೋಗಿತ್ತು. ಜೆರಿ ಕೂಸ್‌ಮನ್ ಇದ್ದರೆ ಐದನೆಯದು, ಅಕ್ಟೋಬರ್ 16, ಮೆಟ್ಸ್ ಕಪ್ ಗೆದ್ದ ದಿನ.

ಐದನೆಯದೇ ಆಗಿದ್ದರೆ ಮೆಟ್ಸ್ ಪುಟದ ಆರನೇ ಇನ್ನಿಂಗ್ಸ್ ನೋಡಿ. ಕ್ಲಿಯೋನ್ ಜೋನ್ಸ್ ಅವರ ಚೌಕದಲ್ಲಿ ಮೈಗೆ ಚೆಂಡು ಬಿದ್ದು ಬೇಸ್‌ಗೆ ಹೋದ ಗುರುತು ಇರಬೇಕು. ಚೆಂಡು ಕಾಲಿಗೆ ತಗುಲಿತೋ ಇಲ್ಲವೋ ಅಂತ ವಾದ ನಡೆದಾಗ ಮ್ಯಾನೇಜರ್ ಗಿಲ್ ಹಾಜಸ್ ಚೆಂಡನ್ನೇ ತಂದು ಅದಕ್ಕೆ ಮೆತ್ತಿದ್ದ ಶೂ ಪಾಲಿಶ್ ತೋರಿಸಿದ್ದರು. ಅದರ ಕೆಳಗಿನ ಚೌಕದಲ್ಲಿ ಡಾನ್ ಕ್ಲೆಂಡೆನನ್ ಅವರ ಹೋಮ್ ರನ್. ಅಜ್ಜ ಅದನ್ನು ತುಂಬಿ ಕಪ್ಪು ಮಾಡಿದ್ದಾರಾ, ಬರೀ ಗೆರೆ ಎಳೆದಿದ್ದಾರಾ? ಒಬ್ಬೊಬ್ಬರದು ಒಂದೊಂದು ಕೈ. ನನಗಂತೂ ಆ ಕೈಬರಹ ನೋಡೋದೇ ಈ ಹವ್ಯಾಸದ ಅರ್ಧ ಸುಖ.

ಎರಡು ಇಯರ್‌ಬುಕ್ ಯಾಕೆ ಅಂತ ಕೇಳಿದಿರಿ. ಪ್ರೋಗ್ರಾಂ ಪಂದ್ಯದ ದಿನಕ್ಕೆ, ಇಯರ್‌ಬುಕ್ ಇಡೀ ವರ್ಷಕ್ಕೆ. ಆಟಗಾರರ ಚಿತ್ರ, ಪರಿಚಯ, ಹೋದ ವರ್ಷದ ಅಂಕಿ ಅಂಶ ಎಲ್ಲ ಅದರಲ್ಲಿರುತ್ತವೆ. ಸೀಸನ್ ಶುರುವಾಗುವ ಹೊತ್ತಿಗೆ ಅಚ್ಚಾಗುತ್ತಿತ್ತು. ಆದರೆ ತಂಡಕ್ಕೆ ಆಟಗಾರರು ಬರುತ್ತಾರೆ, ಹೋಗುತ್ತಾರೆ. ಹಾಗಾಗಿ ಕೆಲವು ತಂಡಗಳು ಅದೇ ವರ್ಷ ತಿದ್ದಿ ಮತ್ತೆ ಅಚ್ಚು ಹಾಕಿಸುತ್ತಿದ್ದವು. ಮೆಟ್ಸ್ ಇದರಲ್ಲಿ ಮುಂದು. ಮುಖಪುಟ ನೋಡಿ ಎರಡೂ ಒಂದೇ ಅಂತ ಒಂದನ್ನು ಮಾರಿಬಿಡಬೇಡಿ. ಈಗ ಹೇಳಿದ ಕ್ಲೆಂಡೆನನ್ ಅವರನ್ನೇ ಹುಡುಕಿ. ಅವರು ಮೆಟ್ಸ್‌ಗೆ ಬಂದದ್ದು 1969ರ ಜೂನ್ 15ಕ್ಕೆ, ಕೆನಡಾದ ಮಾಂಟ್ರಿಯಲ್ ತಂಡದಿಂದ. ಅವರ ಬದಲಿಗೆ ಹೋದವರಲ್ಲಿ ಕೆವಿನ್ ಕಾಲಿನ್ಸ್ ಒಬ್ಬರು. ಕಾಲಿನ್ಸ್ ಇದ್ದು ಕ್ಲೆಂಡೆನನ್ ಇಲ್ಲದಿದ್ದರೆ ಅದು ಆ ತಾರೀಕಿಗಿಂತ ಮುಂಚಿನದು. ಕ್ಲೆಂಡೆನನ್ ಇದ್ದರೆ ಆಮೇಲಿನದು. ಇದೇ ಉಪಾಯ ಪ್ರೋಗ್ರಾಂಗಳಿಗೂ ನಡೆಯುತ್ತದೆ. ಮುಖಪುಟದ ಮೇಲೆ ತಾರೀಕು ಇಲ್ಲದಿದ್ದರೆ ಒಳಗಿನ ಆಟಗಾರರ ಪಟ್ಟಿಯೇ ತಾರೀಕು.

ಎರಡು ಮುದ್ರಣ ಪಕ್ಕಪಕ್ಕ ಇಟ್ಟು ನೋಡುವಾಗ ಇನ್ನೊಂದು ಸಂಗತಿ ಗಮನಿಸಿ. ಮೊದಲನೆಯದನ್ನು ಬರೆದವರಿಗೆ ಮುಂದೆ ಏನಾಗುತ್ತದೆ ಅಂತ ಗೊತ್ತಿರಲಿಲ್ಲ. 1962ರಲ್ಲಿ ಹುಟ್ಟಿದ ಮೆಟ್ಸ್ ಆ ಮೊದಲ ವರ್ಷವೇ 120 ಪಂದ್ಯ ಸೋತಿತ್ತು. 1968ರವರೆಗೂ ಹತ್ತು ತಂಡಗಳಲ್ಲಿ ಒಂಬತ್ತನೆಯದೋ ಹತ್ತನೆಯದೋ ಆಗುತ್ತಿತ್ತು, ಅಷ್ಟೇ. 1969ರಲ್ಲೂ ಆಗಸ್ಟ್ ಮಧ್ಯದಲ್ಲಿ ಕಬ್ಸ್‌ಗಿಂತ ಹತ್ತು ಪಂದ್ಯ ಹಿಂದಿತ್ತು. ಸೆಪ್ಟೆಂಬರ್ 10ಕ್ಕೆ ಮೊದಲ ಸ್ಥಾನಕ್ಕೆ ಬಂತು. ಕೊನೆಗೆ 100 ಗೆಲುವು, 62 ಸೋಲು. ವಸಂತದಲ್ಲಿ ಅಚ್ಚಾದ ಪುಟಗಳಲ್ಲಿ ಇದರ ಸುಳಿವೇ ಇರುವುದಿಲ್ಲ. ಆಮೇಲೆ ಬರೆದ ಎಷ್ಟು ಇತಿಹಾಸ ಓದಿದರೂ ಈ ರುಚಿ ಸಿಗೋದಿಲ್ಲ, ಅಲ್ವಾ?

ಇನ್ನು ಸೀಸನ್ ಪೂರ್ತಿ ಮಾಡುವ ವಿಚಾರ. ಮೆಟ್ಸ್ ತನ್ನ ಊರಲ್ಲಿ ಆಡಿದ ಎಲ್ಲ ಪಂದ್ಯಕ್ಕೂ ಒಂದೊಂದು ಪ್ರತಿ ಬೇಕು ಅಂತ ಹಟ ಹಿಡಿದವರನ್ನು ನೋಡಿದ್ದೇನೆ. ಸುಸ್ತಾಗಿ ಬಿಟ್ಟುಬಿಡುತ್ತಾರೆ. ನೀವು ಎದುರು ತಂಡಕ್ಕೆ ಒಂದರಂತೆ ಲೆಕ್ಕ ಹಾಕಿ. ಆ ವರ್ಷ ಮೆಟ್ಸ್ ಆಡುತ್ತಿದ್ದ ನ್ಯಾಷನಲ್ ಲೀಗ್‌ನಲ್ಲಿ 12 ತಂಡ. ಅಂದರೆ ಶೇ ಸ್ಟೇಡಿಯಂಗೆ ಬಂದ ಎದುರಾಳಿಗಳು 11. ನಿಮ್ಮ ಪೆಟ್ಟಿಗೆಯ ಪ್ರೋಗ್ರಾಂಗಳನ್ನು ಎದುರು ತಂಡದ ಪ್ರಕಾರ ನೆಲದ ಮೇಲೆ ಹರಡಿ. ಈಗಾಗಲೇ ಏಳೆಂಟು ತಂಡ ಸಿಗಬಹುದು. ಉಳಿದ ಮೂರು ನಾಲ್ಕು ಹುಡುಕುವುದು ನಿಮ್ಮ ಮೊದಲ ಕೆಲಸ. ಆ ಹನ್ನೊಂದರಲ್ಲಿ ಮಾಂಟ್ರಿಯಲ್ ಎಕ್ಸ್‌ಪೋಸ್ ಇದೆಯಾ ನೋಡಿ. ಏಪ್ರಿಲ್ 8ರ ಪಂದ್ಯದ್ದು ಸಿಕ್ಕರೆ ಅದೃಷ್ಟ. ಅಮೆರಿಕದ ಹೊರಗಿನ ಊರಿನ ಮೊದಲ ಮೇಜರ್ ಲೀಗ್ ತಂಡ ಆಡಿದ ಮೊಟ್ಟಮೊದಲ ಪಂದ್ಯ ಅದು, ಎಕ್ಸ್‌ಪೋಸ್ 11-10ರಲ್ಲಿ ಗೆದ್ದಿತು. ಅದು ಮೆಟ್ಸ್ ಪ್ರೋಗ್ರಾಂ ಆದರೂ ಎಕ್ಸ್‌ಪೋಸ್ ಕೂಡಿಡುವವರೂ ಅದಕ್ಕೇ ಕಾಯುತ್ತಿರುತ್ತಾರೆ. ಹಾಗಾಗಿ ಬೆಲೆ ಮೇಲೇ ಇರುತ್ತದೆ. ಅಟ್ಲಾಂಟಾ ಬ್ರೇವ್ಸ್ ಎದುರಿನ ಲೀಗ್ ಚಾಂಪಿಯನ್‌ಶಿಪ್ ಸರಣಿಯ ಪ್ರೋಗ್ರಾಂ ಬೇರೆಯೇ ಇದೆ. ಅಂಥ ಸರಣಿ ನಡೆದ ಮೊದಲ ವರ್ಷವೇ 1969. ಮೆಟ್ಸ್ 3-0ಯಲ್ಲಿ ಮುಗಿಸಿದ್ದರಿಂದ ನ್ಯೂಯಾರ್ಕ್‌ನಲ್ಲಿ ಅಕ್ಟೋಬರ್ 6ರ ಒಂದೇ ಪಂದ್ಯ ನಡೆಯಿತು.

ಅದಾದ ಮೇಲೆ ಮನಸ್ಸಿದ್ದರೆ ಎರಡೂ ಲೀಗ್ ಸೇರಿ ಆ ವರ್ಷದ 24 ತಂಡಗಳದೂ ಒಂದೊಂದು ಪ್ರೋಗ್ರಾಂ. ಇದು ನನಗೆ ತುಂಬಾ ಇಷ್ಟವಾದ ಗುರಿ, ಯಾಕೆಂದರೆ 1969 ಸುಮ್ನೆ ಒಂದು ವರ್ಷವಲ್ಲ. 1869ರಲ್ಲಿ ಸಿನ್ಸಿನಾಟಿಯ ರೆಡ್ ಸ್ಟಾಕಿಂಗ್ಸ್ ಬಹಿರಂಗವಾಗಿ ಸಂಬಳ ಕೊಟ್ಟು ಆಡಿಸಿದ ತಂಡವಾಯಿತು. ಅದರ ನೂರನೇ ವರ್ಷ ಇದು. ಬ್ಯಾಟ್ ಹಿಡಿದವನ ನೆರಳಿನಂಥ ಬಿಳಿ ಚಿತ್ರದ ಕೆಂಪು ನೀಲಿ ಗುರುತನ್ನು ನೀವು ಟೀವಿಯಲ್ಲಿ ನೋಡಿರುತ್ತೀರಿ. ಅದು ಬಳಕೆಗೆ ಬಂದದ್ದೂ ಆ ವರ್ಷವೇ. ನಾಲ್ಕು ಹೊಸ ತಂಡ ಸೇರಿದವು: ಮಾಂಟ್ರಿಯಲ್, ಸ್ಯಾನ್ ಡಿಯಾಗೊ, ಕಾನ್ಸಾಸ್ ಸಿಟಿ, ಸಿಯಾಟಲ್. ಮಾಂಟ್ರಿಯಲ್‌ನ ಜ್ಯಾರಿ ಪಾರ್ಕ್ ಪ್ರೋಗ್ರಾಂ ಫ್ರೆಂಚ್, ಇಂಗ್ಲಿಷ್ ಎರಡರಲ್ಲೂ ಇರುತ್ತದೆ. ಆಟದ ಪದಗಳು ಎರಡು ಭಾಷೆಯಲ್ಲಿ ಅಕ್ಕಪಕ್ಕ ಕೂತಿರುವುದನ್ನು ನೋಡಿದರೆ ನಮ್ಮಂಥ ಎರಡು ಮೂರು ಭಾಷೆಯವರಿಗೆ ಖುಷಿಯಾಗುತ್ತದೆ.

ಕೈಗೆ ಸಿಗದೆ ಓಡಾಡಿಸುವುದು ಸಿಯಾಟಲ್ ಪೈಲಟ್ಸ್. ಆ ತಂಡ ಬದುಕಿದ್ದೇ ಒಂದು ಸೀಸನ್. ಏಪ್ರಿಲ್ 11ಕ್ಕೆ ಸಿಕ್ಸ್ ಸ್ಟೇಡಿಯಂನಲ್ಲಿ ಮೊದಲ ಪಂದ್ಯ ನಡೆದಾಗ ಸೀಟು ಹಾಕುವ ಕೆಲಸ ಇನ್ನೂ ಮುಗಿದಿರಲಿಲ್ಲ. 64 ಗೆದ್ದು 98 ಸೋತರು. ವರ್ಷವಿಡೀ ಬಂದ ಜನ 6,77,944. ದುಡ್ಡಿಲ್ಲದೆ ದಿವಾಳಿಯಾಗಿ, 1970ರ ಮಾರ್ಚ್ ಕೊನೆಯ ದಿನ ಮಿಲ್ವಾಕಿಯವರ ಕೈಗೆ ಹೋಯಿತು. ಸೀಸನ್ ಶುರುವಾಗಲು ಒಂದು ವಾರವೂ ಉಳಿದಿರಲಿಲ್ಲ. ಪೈಲಟ್ಸ್ ಹೆಸರಿನ ಪ್ರೋಗ್ರಾಂ ಕೊಳ್ಳುವಾಗಲೂ ಆಟಗಾರರ ಪಟ್ಟಿ ನೋಡಿ. ಪಿಚರ್ ಜಿಮ್ ಬೌಟನ್ ಹೆಸರಿದ್ದರೆ ಆಗಸ್ಟ್‌ವರೆಗಿನದು. ಆ ತಿಂಗಳ ಕೊನೆಗೆ ಅವರನ್ನು ಹ್ಯೂಸ್ಟನ್‌ಗೆ ಕಳಿಸಿದರು. ಆ ಸೀಸನ್ನಿನ ದಿನಚರಿ ಬರೆದು ಅವರು ಪುಸ್ತಕ ಮಾಡಿದ್ದರಿಂದ ಅವರ ಹೆಸರಿರುವ ಪ್ರತಿಗೆ ಕೇಳುವವರು ಜಾಸ್ತಿ.

ಇಲ್ಲಿ ಹೊಸಬರು ಎಡವುವ ಒಂದು ಜಾಗ ಇದೆ. ಗೆದ್ದ ತಂಡದ ಕಾಗದ ಅಪರೂಪ ಅಂದುಕೊಳ್ಳುತ್ತಾರೆ. ಆಗಿರುವುದು ಉಲ್ಟಾ. ಮೆಟ್ಸ್ ಪಂದ್ಯಕ್ಕೆ ಆ ವರ್ಷ 21 ಲಕ್ಷಕ್ಕೂ ಜಾಸ್ತಿ ಜನ ಬಂದರು. ಅವರು ಕೊಂಡ ಪ್ರೋಗ್ರಾಂಗಳನ್ನು ನೆನಪಿಗೆ ಅಂತ ಜೋಪಾನ ಮಾಡಿದರು. ಸ್ಯಾನ್ ಡಿಯಾಗೊ ಪಾಡ್ರೆಸ್‌ಗೆ ಬಂದವರು ಐದು ಲಕ್ಷ ಚಿಲ್ಲರೆ. ಸೋತ ತಂಡದ ಕಾಗದ ಯಾರು ಎತ್ತಿಡುತ್ತಾರೆ? ಹೆಚ್ಚಿನದು ಸ್ಟೇಡಿಯಂ ಕಸದ ಡಬ್ಬಿ ಸೇರಿತು. ಆದ್ದರಿಂದ ಮೆಟ್ಸ್‌ನ ಸಾಮಾನ್ಯ ಪಂದ್ಯಗಳ ಪ್ರತಿಗೆ ಅವಸರ ಬೇಡ, ಇವತ್ತು ಬಿಟ್ಟರೆ ಮುಂದಿನ ತಿಂಗಳು ಇನ್ನೊಂದು ಬರುತ್ತದೆ. ಪಾಡ್ರೆಸ್, ಪೈಲಟ್ಸ್ ಕಂಡರೆ ಮಾತ್ರ ತಡಮಾಡಬೇಡಿ. ಶಿಕಾಗೊ ವೈಟ್ ಸಾಕ್ಸ್ ಪ್ರೋಗ್ರಾಂನಲ್ಲಿ ಮಿಲ್ವಾಕಿ ಕೌಂಟಿ ಸ್ಟೇಡಿಯಂ ಅಂತ ಇದ್ದರೆ ಅಚ್ಚಿನ ತಪ್ಪು ಅಂದುಕೊಳ್ಳಬೇಡಿ. ಆ ವರ್ಷ ಅವರು ತಮ್ಮ 11 ಪಂದ್ಯಗಳನ್ನು ಅಲ್ಲೇ ಆಡಿದ್ದರು.

ಇಯರ್‌ಬುಕ್ ವಿಷಯದಲ್ಲಿ 24ರ ಗುರಿ ಇಟ್ಟುಕೊಳ್ಳಬೇಡಿ. ಎಲ್ಲ ತಂಡವೂ ಪ್ರತಿ ವರ್ಷ ಇಯರ್‌ಬುಕ್ ತರುತ್ತಿರಲಿಲ್ಲ. ಪತ್ರಕರ್ತರಿಗೆ ಅಂತ ಮಾಡಿದ ಜೇಬಿನ ಅಳತೆಯ ಮೀಡಿಯಾ ಗೈಡ್ ಬೇರೆ. ಅದನ್ನು ಇಯರ್‌ಬುಕ್ ಅಂತ ಹೇಳಿ ಮಾರುವವರೂ ಇದ್ದಾರೆ.

ಕೊಳ್ಳುವಾಗ ನೋಡಬೇಕಾದ್ದು ಏನು? ಆನ್‌ಲೈನ್‌ನಲ್ಲಿ ಕೇಳುವ ಬೆಲೆ ಬಿಡಿ, ನಿಜವಾಗಿ ಮಾರಾಟವಾದ ಬೆಲೆಗಳ ಪಟ್ಟಿ ತೆಗೆದು ನೋಡಿ. ಎರಡಕ್ಕೂ ಅಜಗಜಾಂತರ ಇರುತ್ತದೆ. ಮಾರುವವರಿಂದ ನಾಲ್ಕು ಫೋಟೊ ಕೇಳಿ ತರಿಸಿಕೊಳ್ಳಿ: ಮುಂದಿನ ಹೊದಿಕೆ, ಹಿಂದಿನ ಹೊದಿಕೆ, ಪಿನ್ ಕಾಣುವ ಹಾಗೆ ನಡುಪುಟ, ಬೆನ್ನು. ನಡುಪುಟ ತುಂಬಾ ಮುಖ್ಯ. ಸ್ಕೋರ್‌ಕಾರ್ಡ್ ಹಾಳೆ ಕಿತ್ತುಹೋದ ಪ್ರೋಗ್ರಾಂ ಹೊರಗಿನಿಂದ ಚೆನ್ನಾಗೇ ಕಾಣುತ್ತದೆ. ಪುಟಗಳನ್ನು ಎಣಿಸಿ ಹೇಳಿ ಅನ್ನಿ, ಸಂಕೋಚ ಬೇಡ. ಉದ್ದಕ್ಕೆ ಮಡಚಿದ ಗೆರೆ ಇದ್ದರೆ ನಾನು ತಲೆ ಕೆಡಿಸಿಕೊಳ್ಳೋದಿಲ್ಲ. ಪ್ಯಾಂಟಿನ ಹಿಂದಿನ ಜೇಬಿಗೆ ತುರುಕಿಕೊಂಡು ಮನೆಗೆ ಹೋದವರು ಅವರು. ನೀರಿನ ಕಲೆ, ಬೂಷ್ಟಿನ ವಾಸನೆ, ಸೆಲ್ಲೋಟೇಪ್ ಇದ್ದರೆ ಮಾತ್ರ ಬೇಡ ಅನ್ನಿ.

ಹಳೆಯ ಪ್ರೋಗ್ರಾಂಗಳನ್ನು ಮರುಮುದ್ರಣ ಮಾಡಿದ್ದೂ ಉಂಟು. ಗುರುತಿಸಲು ಒಂದು ಭೂತಗನ್ನಡಿ ಸಾಕು. ಸಣ್ಣ ಅಕ್ಷರದ ಜಾಹೀರಾತು ಹುಡುಕಿ. ಮೂಲದಲ್ಲಿ ಅಕ್ಷರದ ಅಂಚು ಚೂಪಾಗಿರುತ್ತದೆ. ಅಚ್ಚಾದದ್ದನ್ನು ಮತ್ತೆ ಸ್ಕ್ಯಾನ್ ಮಾಡಿ ಅಚ್ಚು ಹಾಕಿದರೆ ಅಂಚು ಮಸುಕಾಗಿ, ಅಕ್ಷರವೂ ಚುಕ್ಕಿ ಚುಕ್ಕಿಯಾಗಿ ಕಾಣುತ್ತದೆ. ನೇರಳಾತೀತ (ಯುವಿ) ದೀಪ ಬಿಟ್ಟು ನೋಡಿ ಅಂತ ಕೆಲವರು ಸಲಹೆ ಕೊಡುತ್ತಾರೆ. ಹಳೆಯ ಕಾಗದ ಹೊಳೆಯುವುದಿಲ್ಲ, ಹೊಸದು ಹೊಳೆಯುತ್ತದೆ ಅನ್ನುವ ಲೆಕ್ಕ. ಎರಡನೇ ಮಹಾಯುದ್ಧಕ್ಕೆ ಮುಂಚಿನ ಕಾಗದಕ್ಕೆ ಅದು ಸರಿ. 1969ರ ಹೊತ್ತಿಗೆ ಕಾಗದಕ್ಕೆ ಬೆಳ್ಳಗೆ ಮಾಡುವ ರಾಸಾಯನಿಕ ಹಾಕುವುದು ಬಂದಿತ್ತು, ಹಾಗಾಗಿ ಹೊಳೆದ ಮಾತ್ರಕ್ಕೆ ನಕಲಿ ಅನ್ನಬೇಡಿ.

ಪೆನ್ಸಿಲ್ ಬರಹದಲ್ಲೂ ಮೋಸ ನಡೆಯುತ್ತದೆ. ಬರೆಯದ ಪ್ರತಿಗೆ ಈಗ ಕೂತು ದೊಡ್ಡ ಪಂದ್ಯದ ಸ್ಕೋರ್ ತುಂಬಿಸುವವರಿದ್ದಾರೆ. ರೆಟ್ರೋಶೀಟ್ ಅನ್ನುವ ಸಂಸ್ಥೆ ಹಳೆಯ ಪಂದ್ಯಗಳ ವಿವರವನ್ನು ಉಚಿತವಾಗಿ ಕೊಡುತ್ತದೆ. ಅದರ ಪಕ್ಕ ಇಟ್ಟು ಹೋಲಿಸಿ. ಮೈದಾನದಲ್ಲಿ ಕೂತು ಬರೆದವರ ಪುಟದಲ್ಲಿ ಒಂದೆರಡು ತಪ್ಪು, ತಿದ್ದು, ಊಟಕ್ಕೋ ಇನ್ನೇನಕ್ಕೋ ಎದ್ದು ಹೋದಾಗ ಬಿಟ್ಟ ಚೌಕ ಇದ್ದೇ ಇರುತ್ತದೆ. ಪಿಚರ್ ಬದಲಾದಾಗ ಅವಸರದಲ್ಲಿ ಬರೆದ ಹೆಸರು ಸೊಟ್ಟಗಿರುತ್ತದೆ. ಒಂದೂ ತಪ್ಪಿಲ್ಲದ, ಒಂದೇ ಒತ್ತಡದಲ್ಲಿ ಬರೆದ ಚಂದದ ಪುಟ ಕಂಡರೆ ನನಗೆ ಅನುಮಾನ ಬರುತ್ತದೆ.

ಕಾಪಾಡುವುದು ಹೇಗೆ? ಉಡುಪಿಯ ಮಳೆ ನನಗೂ ಗೊತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಪ್ಪಲಿಗೂ ಬೂಷ್ಟು ಹಿಡಿಯುವ ಊರು. ಆದರೂ ಉಳಿಸಬಹುದು. ಒಂದೊಂದನ್ನೂ ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಚೀಲದಲ್ಲಿಡಿ, ಹಿಂದೆ ಆಮ್ಲ ಇಲ್ಲದ ರಟ್ಟು ಕೊಡಿ. ಇವೆರಡೂ ಅಮೆರಿಕದಲ್ಲಿ ಕಾಮಿಕ್ಸ್ ಕೂಡಿಡುವವರ ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತವೆ, ಬರುವಾಗ ಜಾಸ್ತಿಯೇ ತನ್ನಿ. ಮೂಗಿಗೆ ಪ್ಲಾಸ್ಟಿಕ್ ವಾಸನೆ ಹೊಡೆಯುವ ಮೆತ್ತನೆಯ ಪಿವಿಸಿ ಹೊದಿಕೆ ಬೇಡ, ಅದು ವರ್ಷ ಕಳೆದಂತೆ ಅಂಟಾಗಿ ಅಚ್ಚಿನ ಬಣ್ಣ ಎಳೆದುಕೊಳ್ಳುತ್ತದೆ. ಲ್ಯಾಮಿನೇಷನ್ ಬೇಡವೇ ಬೇಡ. ಊರಲ್ಲಿ ಯಾರಾದರೂ ಪ್ರೀತಿಯಿಂದಲೇ ಮಾಡಿಸಿಕೊಡುತ್ತೇನೆ ಅನ್ನುತ್ತಾರೆ, ಕೈಮುಗಿದು ಬೇಡ ಅನ್ನಿ.

ಪೆಟ್ಟಿಗೆಯನ್ನು ಅಟ್ಟದ ಮೇಲೆ ಹಾಕಬೇಡಿ. ಹೊರಗೋಡೆಗೆ ತಾಗಿದ ಕಪಾಟಿನಲ್ಲೂ ಬೇಡ. ಮನೆಯ ಒಳಗೋಣೆಯ ಕಬ್ಬಿಣದ ಬೀರುವಿನಲ್ಲಿ, ನೆಲದಿಂದ ಎತ್ತರಕ್ಕೆ ಇಡಿ. ಗಾಳಿಯ ತೇವ ನೂರಕ್ಕೆ 65 ದಾಟಿದರೆ ಬೂಷ್ಟು ಶುರುವಾಗುತ್ತದೆ. ತೇವ ಅಳೆಯುವ ಸಣ್ಣ ಗಡಿಯಾರದಂಥ ಮೀಟರ್ ಒಂದನ್ನು ಒಳಗಿಡಿ. ಮಳೆಗಾಲಕ್ಕೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಬಣ್ಣ ಬದಲಾದಾಗ ಒಣಗಿಸಿ ಮತ್ತೆ ಬಳಸಿ. ಹಳೆಯ ಪಿನ್ ತುಕ್ಕು ಹಿಡಿಯುತ್ತಿದ್ದರೆ ತೇವ ಜಾಸ್ತಿಯಿದೆ ಅಂತ ಅರ್ಥ. ಪಿನ್ ನೀವೇ ಕೀಳಲು ಹೋಗಬೇಡಿ. ನುಸಿಗುಳಿಗೆ ಹಾಕುವ ಅಭ್ಯಾಸ ನಮ್ಮಲ್ಲಿ ಇದೆ. ಕಾಗದದ ಜೊತೆ ಅದು ಬೇಡ, ವಾಸನೆ ಹೋಗೋದೇ ಇಲ್ಲ, ಉಸಿರಿಗೂ ಒಳ್ಳೆಯದಲ್ಲ. ತಿಂಗಳಿಗೊಮ್ಮೆ ತೆಗೆದು ಪುಟ ತಿರುವಿ ನೋಡುವುದೇ ಗೆದ್ದಲಿಗೂ ಪುಸ್ತಕದ ಹುಳಕ್ಕೂ ಒಳ್ಳೆಯ ಮದ್ದು. ಬಿಸಿಲಿಗೆ ಹರಡಬೇಡಿ, ಬಣ್ಣ ಹೋಗುತ್ತದೆ. ವಿಮಾನದಲ್ಲಿ ಬರುವಾಗ ಎರಡು ಗಟ್ಟಿ ರಟ್ಟಿನ ನಡುವೆ ಕಟ್ಟಿ, ಕೈಚೀಲದಲ್ಲೇ ತನ್ನಿ.

ಇನ್ನೊಂದು ಕೆಲಸ ಇದೆ. ಇದನ್ನು ನ್ಯೂಜೆರ್ಸಿಯಲ್ಲಿ ಇರುವಾಗಲೇ ಮಾಡಬೇಕು. ಅಜ್ಜನ ಮಗಳನ್ನು ಒಂದು ಸಂಜೆ ಕಾಫಿಗೆ ಕರೆಯಿರಿ. ಪ್ರೋಗ್ರಾಂಗಳನ್ನು ಮೇಜಿನ ಮೇಲೆ ಹರಡಿ. ಅಪ್ಪ ಯಾರ ಜೊತೆ ಹೋಗುತ್ತಿದ್ದರು, ಎಲ್ಲಿ ಕೂರುತ್ತಿದ್ದರು, ಆಗ ಏನು ಕೆಲಸ ಮಾಡುತ್ತಿದ್ದರು, ಎಲ್ಲ ಕೇಳಿ. ಬಹುಶಃ ಟಿಕೆಟ್ ಚೂರುಗಳು ಬೇರೆ ಯಾವುದೋ ಲಕೋಟೆಯಲ್ಲಿ ಇರಬಹುದು, ಹುಡುಕಲು ಹೇಳಿ. ಟಿಕೆಟ್ ಸಿಕ್ಕರೆ ಆ ಪಂದ್ಯದ ಪ್ರೋಗ್ರಾಂ ಜೊತೆಗೇ ಇಡಿ, ಅಂಟಿಸಬೇಡಿ. ಅವರು ಹೇಳಿದ್ದನ್ನೆಲ್ಲ ಬೇರೆ ಹಾಳೆಯಲ್ಲಿ ಬರೆದು, ತಾರೀಕು ಹಾಕಿ, ಪೆಟ್ಟಿಗೆಯಲ್ಲಿಡಿ. ಪ್ರೋಗ್ರಾಂ ಮೇಲೆ ನೀವು ಏನೂ ಬರೆಯಬೇಡಿ. ಅದರಲ್ಲಿ ಅಜ್ಜನ ಕೈ ಮಾತ್ರ ಇರಲಿ.

ವರ್ಲ್ಡ್ ಸೀರೀಸ್ ಪ್ರೋಗ್ರಾಂನ ನಡುಪುಟದ ಫೋಟೊ ಕಳಿಸಿಲ್ಲ ನೀವು. ಬರೀ ಹೊದಿಕೆ ಕಂಡಿತು. ಸ್ಕೋರ್ ಬರೆದ ಪುಟವನ್ನು ಕಿಟಕಿ ಪಕ್ಕ ಇಟ್ಟು, ಫ್ಲಾಶ್ ಇಲ್ಲದೆ ತೆಗೆದು ಕಳಿಸಿ. ಜೆಂಟ್ರಿಯೋ, ಸೀವರ್ರೋ, ಕೂಸ್‌ಮನ್ನೋ ಅಂತ ತಿಳಿಯಲು ನನಗೂ ತವಕ.